ಕೊಲೆಗಾರ ಮೊದಲೇ ಗೊತ್ತು, ಜಗಳ ಮಾತ್ರ ಮುಗಿದಿಲ್ಲ: ‘ಎ ಟೈಮ್ ಟು ಕಿಲ್’ ಮತ್ತು ಅದರ ಓದುಗರು

ಈ ಕಾದಂಬರಿಯಲ್ಲಿ ಕೊಲೆಗಾರನನ್ನು ಹುಡುಕುವ ಕೆಲಸವೇ ಇಲ್ಲ. ಹಾಡಹಗಲು, ಕೋರ್ಟಿನ ಕಟ್ಟಡದೊಳಗೆ, ಪೊಲೀಸರ ಕಣ್ಣೆದುರೇ ಅವನು ಗುಂಡು ಹಾರಿಸುತ್ತಾನೆ. ಯಾಕೆ ಹಾರಿಸಿದ ಅನ್ನುವುದೂ ಗೊತ್ತು. ಉಳಿಯುವ ಪ್ರಶ್ನೆ ಒಂದೇ: ಅವನನ್ನು ಬಿಡಬೇಕಾ, ಬೇಡವಾ?

ಜಾನ್ ಗ್ರಿಶಮ್ ಅವರ ಮೊದಲ ಕಾದಂಬರಿ ‘ಎ ಟೈಮ್ ಟು ಕಿಲ್’ ಬಂದು ಮೂರೂವರೆ ದಶಕ ದಾಟಿತು. ಓದಿದವರು ಇವತ್ತಿಗೂ ಒಂದು ಮಾತಿಗೆ ಬರುವುದಿಲ್ಲ. ಒಬ್ಬರಿಗೆ ಇದು ಆ ಲೇಖಕರ ಅತ್ಯುತ್ತಮ ಪುಸ್ತಕ, ಮಿಕ್ಕಿದ್ದೆಲ್ಲ ಇದರ ಮುಂದೆ ಸಪ್ಪೆ. ಇನ್ನೊಬ್ಬರಿಗೆ ಇದು ಉದ್ದವಾಯಿತು, ಅತಿಯಾಯಿತು. ಮತ್ತೊಬ್ಬರು ಅರ್ಧಕ್ಕೇ ಮುಚ್ಚಿಟ್ಟರು. ನಮ್ಮ ಪುಟ್ಟ ಓದುವ ಬಳಗದಲ್ಲೂ ಹೀಗೇ ಆಯಿತು. ನನಗೆ ಕುತೂಹಲ ಹುಟ್ಟಿಸಿದ್ದು ಜಗಳ ಸಾಗಿದ ರೀತಿ. “ಪುಸ್ತಕ ಹೇಗಿದೆ” ಅಂತ ಶುರುವಾದ ಮಾತು ಸ್ವಲ್ಪ ಹೊತ್ತಿಗೇ “ಆ ಅಪ್ಪ ಮಾಡಿದ್ದು ಸರಿಯಾ” ಅಂತ ತಿರುಗಿಬಿಡುತ್ತಿತ್ತು. ಪುಸ್ತಕಕ್ಕೆ ಅಂಕ ಕೊಡಲು ಕೂತವರು ಅವನಿಗೆ ತೀರ್ಪು ಕೊಡುತ್ತಿದ್ದರು. ಈ ಕಾದಂಬರಿಯ ಬಗ್ಗೆ ಇರುವ ಭಿನ್ನಾಭಿಪ್ರಾಯದ ಬಹುಪಾಲು ಇಲ್ಲಿಂದಲೇ ಹುಟ್ಟುತ್ತದೆ ಅಂತ ನನಗನ್ನಿಸುತ್ತದೆ. ಅದನ್ನು ಬಿಡಿಸಿ ನೋಡಬೇಕಾದರೆ ಕತೆಯ ಕೊನೆಯನ್ನೂ ಹೇಳಲೇಬೇಕು. ಓದುವ ಆಸೆ ಇಟ್ಟುಕೊಂಡವರು ಇಲ್ಲೇ ನಿಲ್ಲಿಸಿದರೆ ಒಳ್ಳೆಯದು.

ಕತೆ ಮತ್ತು ಅದು ಹುಟ್ಟಿದ ಬಗೆ

ಊರು ಕ್ಲಾಂಟನ್. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಫೋರ್ಡ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) ಮುಖ್ಯ ಊರು. ಊರೂ ಕೌಂಟಿಯೂ ಲೇಖಕರ ಕಲ್ಪನೆ, ಮಿಸಿಸಿಪ್ಪಿ ಮಾತ್ರ ನಿಜ. ಕಾಲ 1985. ಹತ್ತು ವರ್ಷದ ಕಪ್ಪು ಹುಡುಗಿ ಟೋನ್ಯಾ ಮೇಲೆ ಇಬ್ಬರು ಬಿಳಿಯ ಪುಂಡರು ಅತ್ಯಾಚಾರ ಮಾಡಿ ಬಿಸಾಡಿ ಹೋಗುತ್ತಾರೆ. ಹುಡುಗಿ ಬದುಕುತ್ತಾಳೆ. ಪುಂಡರು ಬೇಗನೇ ಸಿಕ್ಕಿಬೀಳುತ್ತಾರೆ. ಅವಳ ಅಪ್ಪ ಕಾರ್ಲ್ ಲೀ ಹೇಲಿ ಕಾಗದದ ಕಾರ್ಖಾನೆಯಲ್ಲಿ ಕೆಲಸಕ್ಕಿರುವವನು, ವಿಯೆಟ್ನಾಂ ಯುದ್ಧ ಮುಗಿಸಿ ಬಂದವನು. ಅವನು ಒಂದು ಎಂ-16 ಬಂದೂಕು ಹೊಂದಿಸಿಕೊಳ್ಳುತ್ತಾನೆ. ಕೋರ್ಟಿನ ಮೆಟ್ಟಿಲ ಹತ್ತಿರದ ಸಣ್ಣ ಕೋಣೆಯಲ್ಲಿ ಅಡಗಿ ಕೂರುತ್ತಾನೆ. ಆರೋಪಿಗಳನ್ನು ಕೆಳಗೆ ಕರೆತರುವಾಗ ಇಬ್ಬರನ್ನೂ ಕೊಲ್ಲುತ್ತಾನೆ. ಜೊತೆಗಿದ್ದ ಪೊಲೀಸ್ ಲೂನಿಗೂ ಗುಂಡು ತಗಲುತ್ತದೆ, ಅವನು ಒಂದು ಕಾಲು ಕಳೆದುಕೊಳ್ಳುತ್ತಾನೆ. ಕೇಸು ಹಿಡಿಯುವವನು ಊರಿನ ಬಿಳಿಯ ಯುವ ವಕೀಲ ಜೇಕ್ ಬ್ರಿಗನ್ಸ್. ಕೈಗೆ ಬಂದ ಫೀಸು 900 ಡಾಲರ್.

ಗ್ರಿಶಮ್ ಆಗ ಮಿಸಿಸಿಪ್ಪಿಯ ಸೌತ್‌ಹೇವನ್‌ನಲ್ಲಿ ವಕೀಲರಾಗಿದ್ದರು, ರಾಜ್ಯದ ಶಾಸಕರೂ ಆಗಿದ್ದರು. 1984ರಲ್ಲಿ ಹರ್ನಾಂಡೊ ಊರಿನ ಡಿಸೋಟೊ ಕೌಂಟಿ ಕೋರ್ಟಿನಲ್ಲಿ ಅತ್ಯಾಚಾರಕ್ಕೆ ಒಳಗಾದ ಒಬ್ಬ ಚಿಕ್ಕ ಹುಡುಗಿ ಸಾಕ್ಷಿ ಹೇಳುವುದನ್ನು ಕೇಳಿದರು. ಇವಳ ಅಪ್ಪ ಬಂದೂಕು ಎತ್ತಿಕೊಂಡಿದ್ದರೆ ಏನಾಗುತ್ತಿತ್ತು ಅನ್ನುವ ಯೋಚನೆ ಅಲ್ಲಿಂದ ಶುರು. ಬೆಳಗಿನ ಜಾವ ಎದ್ದು, ಕೋರ್ಟಿಗೆ ಹೋಗುವ ಮೊದಲು ಒಂದಿಷ್ಟು ಬರೆಯುವುದು. ಹೀಗೇ ಮೂರು ವರ್ಷ. ಮುಗಿಸಿದ ಮೇಲೆ ಪ್ರಕಾಶಕರು ಒಬ್ಬರ ಹಿಂದೆ ಒಬ್ಬರು ಹಸ್ತಪ್ರತಿ ವಾಪಸ್ ಕಳಿಸಿದರು. ಕೊನೆಗೆ 1989ರಲ್ಲಿ ವಿನ್‌ವುಡ್ ಪ್ರೆಸ್ ಅನ್ನುವ ಸಣ್ಣ ಸಂಸ್ಥೆ 5,000 ಪ್ರತಿ ಅಚ್ಚು ಹಾಕಿತು. ಅದರಲ್ಲಿ 1,000 ಪ್ರತಿಯನ್ನು ಲೇಖಕರೇ ಕೊಂಡು ಮಾರಲು ಹೊರಟರು.

1991ರಲ್ಲಿ ‘ದಿ ಫರ್ಮ್’ ಬಂತು, ಗ್ರಿಶಮ್ ಹೆಸರು ಎಲ್ಲೆಡೆ ಹರಡಿತು. ಹಳೆಯ ಪುಸ್ತಕವನ್ನು ಜನ ಹುಡುಕಿ ಓದಿದ್ದು ಆಮೇಲೆ. ಈ ಹಿಂದುಮುಂದು ಸಣ್ಣ ವಿಷಯವಲ್ಲ. ‘ದಿ ಫರ್ಮ್’ ಓಟದ ಕತೆ, ನಾಯಕ ತಪ್ಪಿಸಿಕೊಳ್ಳುತ್ತಾನಾ ಇಲ್ಲವಾ ಅನ್ನುವುದೇ ಅದರ ಜೀವ. ಅದೇ ರುಚಿ ಬಯಸಿ ಬಂದವರಿಗೆ ಕ್ಲಾಂಟನ್ ಸಿಕ್ಕಿತು. ಇಲ್ಲಿ ಯಾರೂ ಓಡುವುದಿಲ್ಲ. ಕಾಫಿ ಅಂಗಡಿಯಲ್ಲಿ ಕೂರುತ್ತಾರೆ. ಪಾದ್ರಿ ಚಂದಾ ಎತ್ತುತ್ತಾನೆ. ವಕೀಲರು ಕುಡಿಯುತ್ತಾರೆ, ಒಬ್ಬರನ್ನೊಬ್ಬರು ಕಾಲೆಳೆಯುತ್ತಾರೆ. “ಬೋರು” ಅನ್ನುವ ದೂರಿನ ಒಂದು ಪಾಲು ಹೀಗೆ ಹುಟ್ಟಿದ್ದು. ಲೇಖಕರಿಗೂ ಇದು ಗೊತ್ತಿತ್ತು. ಮೊದಲ ಕಾದಂಬರಿ, ಅಲ್ಲಲ್ಲಿ ಅಡ್ಡಾಡುತ್ತದೆ, ಆದರೂ ಒಂದು ಪದವನ್ನೂ ಬದಲಾಯಿಸುವುದಿಲ್ಲ ಅನ್ನುವ ಅರ್ಥದ ಮಾತನ್ನು ಮುಂದಿನ ಆವೃತ್ತಿಯ ಟಿಪ್ಪಣಿಯಲ್ಲಿ ಅವರೇ ಬರೆದಿದ್ದಾರೆ.

ಅಡ್ಡಾಡುವ ಆ ಭಾಗಗಳೇ ನನಗೆ ಜಾಸ್ತಿ ಇಷ್ಟ. ಸಣ್ಣ ಊರಿನ ಕೋರ್ಟು ಅಂದರೆ ಅದೇ ತಾನೇ. ಯಾವ ಸಾಕ್ಷಿ ಯಾರ ಮೈದುನ, ಯಾವ ಜ್ಯೂರಿ ಸದಸ್ಯೆ ಯಾವ ಚರ್ಚಿಗೆ ಹೋಗುತ್ತಾಳೆ ಅನ್ನುವುದು ವಾದದಷ್ಟೇ ಮುಖ್ಯ. ಜ್ಯೂರಿ ಅಂದರೆ ಕೇಸು ಕೇಳಿ ತೀರ್ಪು ಹೇಳಲು ಆರಿಸಿದ ಹನ್ನೆರಡು ಸಾಮಾನ್ಯ ಜನ. ಆ ಪಟ್ಟಿ ಕೈಗೆ ಸಿಕ್ಕ ಕೂಡಲೇ ಜೇಕ್‌ನ ಕಡೆಯವರು ಒಂದೊಂದು ಹೆಸರಿಗೂ ಊರಿನ ಪುರಾಣ ಹುಡುಕುತ್ತಾರೆ. ಈ ಪುಟಗಳನ್ನು ಹಾರಿಸಿ ಓದಿದವರಿಗೆ ಕೊನೆ ಅರ್ಥವಾಗುವುದು ಕಷ್ಟ.

ಅಪ್ಪನ ಪರ ನಿಂತವರು

ಮೊದಲ ಅಧ್ಯಾಯ ಓದುವುದು ಹಿಂಸೆ. ಹಲವರು ಅಲ್ಲೇ ಪುಸ್ತಕ ಕೆಳಗಿಡುತ್ತಾರೆ, ಅವರನ್ನು ತಪ್ಪು ಅನ್ನಲಾಗುವುದಿಲ್ಲ. ಮುಂದೆ ಹೋದವರು ಒಂದು ತೀರ್ಮಾನ ಹೊತ್ತುಕೊಂಡೇ ಹೋಗುತ್ತಾರೆ. ವಕೀಲ ಬರುವ ಮೊದಲು, ಜಡ್ಜ್ ಬರುವ ಮೊದಲು, ಕಾನೂನಿನ ಒಂದು ಸಾಲೂ ಬರುವ ಮೊದಲು, ಓದುಗ ಮನಸ್ಸಿನಲ್ಲೇ ಆ ಇಬ್ಬರಿಗೆ ಶಿಕ್ಷೆ ವಿಧಿಸಿಯಾಗಿರುತ್ತದೆ. ಕಾರ್ಲ್ ಲೀ ಮಾಡುವುದು ಆ ಶಿಕ್ಷೆಯ ಜಾರಿ, ಅಷ್ಟೇ. ಹಾಗಾಗಿ ಅವನನ್ನು ಬಿಡಬಾರದು ಅನ್ನುವ ಓದುಗ ತನ್ನ ವಿರುದ್ಧವೇ ವಾದ ಮಾಡಬೇಕಾಗುತ್ತದೆ.

ನಮ್ಮ ಬಳಗದಲ್ಲಿ ಹೈಸ್ಕೂಲಿನ ಮೇಡಂ ಒಬ್ಬರಿದ್ದಾರೆ, ಎರಡು ಹೆಣ್ಣುಮಕ್ಕಳ ತಾಯಿ. ಅವರು ಮೊದಲ ದಿನವೇ ಹೇಳಿದರು: “ನೋಡ್ರಿ, ಕಾನೂನು ಗೀನೂನು ಆಮೇಲೆ. ನಾನಾಗಿದ್ರೂ ಅದನ್ನೇ ಮಾಡ್ತಿದ್ದೆ.” ವಿಚಿತ್ರ ಅಂದರೆ ಕಾದಂಬರಿಯೊಳಗೇ ಈ ಮಾತು ಬರುತ್ತದೆ. ಹೇಳುವವನು ಕಾಲು ಕಳೆದುಕೊಂಡ ಲೂನಿ. ತನಗೆ ಕಾರ್ಲ್ ಲೀ ಮೇಲೆ ದ್ವೇಷವಿಲ್ಲ, ತನ್ನ ಮಗಳಿಗೆ ಹೀಗಾಗಿದ್ದರೆ ತಾನೂ ಇದನ್ನೇ ಮಾಡುತ್ತಿದ್ದೆ ಅನ್ನುತ್ತಾನೆ. ಸರ್ಕಾರಿ ವಕೀಲರು ಕರೆಸಿದ ಸಾಕ್ಷಿ ಹೀಗೆ ಅಂದರೆ ಇನ್ನೇನು ಉಳಿಯಿತು? ಈ ದೃಶ್ಯವನ್ನು ಕೆಲವರು ಪುಸ್ತಕದ ಶಿಖರ ಅನ್ನುತ್ತಾರೆ. ಕೆಲವರು ಶುದ್ಧ ಸಿನಿಮಾ ಅನ್ನುತ್ತಾರೆ. ನನಗೆ ಎರಡೂ ಸರಿ ಅನ್ನಿಸುತ್ತದೆ.

ಕಾರ್ಲ್ ಲೀ ಮನಸ್ಸಿನಲ್ಲಿ ಇದ್ದದ್ದೇನು ಅನ್ನುವುದರ ಮೇಲೂ ಒಮ್ಮತವಿಲ್ಲ. 1996ರ ಸಿನಿಮಾದಲ್ಲಿ ಆ ಪಾತ್ರ ಮಾಡಿದ ಸ್ಯಾಮ್ಯುಯೆಲ್ ಎಲ್. ಜಾಕ್ಸನ್ ಅವರಿಗೇ ಈ ಬಗ್ಗೆ ತಕರಾರಿದೆ. ಆ ಇಬ್ಬರು ಇನ್ನು ಭೂಮಿ ಮೇಲಿಲ್ಲ ಅನ್ನುವ ಧೈರ್ಯ ಮಗಳಿಗೆ ಬರಲಿ ಅಂತ ಕೊಂದ ಅಪ್ಪನನ್ನು ತಾನು ಅಭಿನಯಿಸಿದೆ, ಸಂಕಲನದಲ್ಲಿ ಕೆಲವು ದೃಶ್ಯ ಹೋದ ಮೇಲೆ ಅವನು ಕೊಂದು ಪಾರಾಗಲು ಲೆಕ್ಕ ಹಾಕಿದವನಂತೆ ಕಾಣಿಸಿದ ಎಂದು ಅವರು ಸಂದರ್ಶನದಲ್ಲಿ ಹೇಳಿಕೊಂಡಿದ್ದಾರೆ. ಪುಸ್ತಕದ ಕಾರ್ಲ್ ಲೀಯಲ್ಲಿ ಎರಡೂ ಇದೆ. ಕೊಲೆಗೆ ಮೊದಲೇ ಅವನು ಜೇಕ್‌ನ ಹತ್ತಿರ ಸುಳಿವು ಕೊಡುತ್ತಾನೆ. ಜೇಕ್‌ಗೆ ಅರ್ಥವಾಗುತ್ತದೆ, ತಡೆಯುವುದಿಲ್ಲ. ಇದೊಂದು ವಿಷಯ ಹಿಡಿದುಕೊಂಡೇ ಜೇಕ್‌ನನ್ನು ಮೆಚ್ಚದವರಿದ್ದಾರೆ.

ಕಾನೂನು ಓದಿದವರ ತಕರಾರು

“ಏನಪ್ಪಾ, ಈ ಕೇಸು ನಮ್ಮ ಸೆಷನ್ಸ್ ಕೋರ್ಟಲ್ಲಿ ಒಂದು ವಾಯಿದೆಯಾದ್ರೂ ನಿಲ್ಲುತ್ತಾ?” ಅಂತ ಕೇಳಿದವರು ನಮ್ಮಲ್ಲಿನ ಹಿರಿಯ ವಕೀಲರು. ಕ್ರಿಮಿನಲ್ ಕೇಸುಗಳಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವರು. ಅವರಿಗೆ ಕತೆ ಹಿಡಿಸಿತು, ಡಿಫೆನ್ಸ್ ಹಿಡಿಸಲಿಲ್ಲ.

ಜೇಕ್ ಹೂಡುವ ವಾದ ಬುದ್ಧಿ ಸ್ವಾಧೀನ ಇರಲಿಲ್ಲ ಅನ್ನುವುದು. ಮಿಸಿಸಿಪ್ಪಿಯಲ್ಲಿ ಇದಕ್ಕೆ ಅಳತೆಗೋಲು ಮೆಕ್‌ನಾಟನ್ ನಿಯಮ. 1843ರಲ್ಲಿ ಲಂಡನ್ನಿನಲ್ಲಿ ಡೇನಿಯಲ್ ಮೆಕ್‌ನಾಟನ್ ಎಂಬುವನು ಪ್ರಧಾನಿ ರಾಬರ್ಟ್ ಪೀಲ್ ಅವರ ಕಾರ್ಯದರ್ಶಿಯನ್ನು ಗುಂಡಿಟ್ಟು ಕೊಂದ. ಬುದ್ಧಿ ಸ್ವಾಧೀನವಿಲ್ಲದವನು ಅಂತ ಅವನನ್ನು ನಿರ್ದೋಷಿ ಅಂದಾಗ ಎದ್ದ ಗದ್ದಲದಲ್ಲಿ ಹುಟ್ಟಿದ ನಿಯಮ ಅದು. ಮಾಡುತ್ತಿರುವುದು ಏನು ಅಂತ ಆರೋಪಿಗೆ ಗೊತ್ತಿರಬಾರದು, ಇಲ್ಲವೇ ಅದು ತಪ್ಪು ಅಂತ ಗೊತ್ತಿರಬಾರದು. ನಮಗೂ ಇದು ಹೊಸದಲ್ಲ. ಭಾರತ ದಂಡ ಸಂಹಿತೆಯ 84ನೇ ಕಲಮು ಇದೇ ಬೇರಿನದು. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 22ನೇ ಕಲಮಾಗಿದೆ.

ಈಗ ಕಾರ್ಲ್ ಲೀಯನ್ನು ಈ ಅಳತೆಗೆ ಹಿಡಿಯಿರಿ. ಬಂದೂಕು ಹೊಂದಿಸಿದ. ಜಾಗ ನೋಡಿಟ್ಟುಕೊಂಡ. ಅಡಗಿ ಕೂತ. ಕಾದು ಹೊಡೆದ. ಮಾಡುತ್ತಿರುವುದು ಏನು ಅಂತ ಇವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ತೀವ್ರ ಹಾಗೂ ಹಠಾತ್ ಪ್ರಚೋದನೆ ಅನ್ನೋಣ ಅಂದರೆ ಘಟನೆಗೂ ಕೊಲೆಗೂ ನಡುವೆ ದಿನಗಳೇ ಕಳೆದಿವೆ. “ಹಠಾತ್ ಎಲ್ಲಿ ಬಂತು?” ಅನ್ನುವುದು ಹಿರಿಯರ ಪ್ರಶ್ನೆ. ಅದರ ಮೇಲೆ ಜೇಕ್ ಕರೆತರುವ ಮನೋವೈದ್ಯ ಬಾಸ್ ಒಬ್ಬ ಕುಡುಕ. ಪಾಟೀಸವಾಲಿನಲ್ಲಿ ಅವನ ಹಳೆಯ ಶಿಕ್ಷೆಯೊಂದು ಹೊರಬಿದ್ದು ಮಾನ ಹೋಗುತ್ತದೆ. ಸರ್ಕಾರದ ಮನೋವೈದ್ಯನನ್ನು ಜೇಕ್ ಹಣಿಯುವ ರೀತಿ ಮಾತ್ರ ಎಲ್ಲರಿಗೂ ಮೆಚ್ಚುಗೆಯಾಯಿತು. ಆ ವೈದ್ಯ ಕೋರ್ಟಿನಲ್ಲಿ ಇದುವರೆಗೆ ಒಬ್ಬ ಆರೋಪಿಯನ್ನೂ ಬುದ್ಧಿ ಸ್ವಾಧೀನವಿಲ್ಲದವನು ಅಂದಿಲ್ಲ. ಆದರೆ ಬುದ್ಧಿ ನೆಟ್ಟಗಿದೆ ಅಂತ ಅವನು ಯಾರ ಬಗ್ಗೆ ಸಾಕ್ಷಿ ಹೇಳಿದ್ದನೋ ಆ ಆರೋಪಿಗಳೇ ಈಗ ಅವನ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಇದ್ದಾರೆ!

ಇಷ್ಟೆಲ್ಲ ಆದ ಮೇಲೂ ಜ್ಯೂರಿ ಕಾರ್ಲ್ ಲೀಯನ್ನು ಬಿಡುತ್ತದೆ. ವಕೀಲ ಓದುಗರು ಇಲ್ಲಿ ಸಿಟ್ಟಾಗುತ್ತಾರೆ. ಅವರ ಸಿಟ್ಟು ನ್ಯಾಯವೇ, ಆದರೆ ಅದರಲ್ಲಿ ನಮ್ಮ ಕೋರ್ಟುಗಳ ಅಭ್ಯಾಸವೂ ಸೇರಿದೆ. ನಮ್ಮಲ್ಲಿ ಜಡ್ಜ್ ಕಾರಣ ಬರೆದು ತೀರ್ಪು ಕೊಡಬೇಕು. ಆ ಕಾರಣ ಹಿಡಿದು ಮೇಲಿನ ಕೋರ್ಟಿಗೆ ಹೋಗಬಹುದು, ಖುಲಾಸೆ ಆದರೂ ಸರ್ಕಾರ ಮೇಲ್ಮನವಿ ಹಾಕಬಹುದು. ಅಮೆರಿಕದ ಜ್ಯೂರಿಗೆ ಕಾರಣ ಬರೆಯುವ ಗೊಡವೆಯೇ ಇಲ್ಲ. ಒಮ್ಮೆ ನಿರ್ದೋಷಿ ಅಂದರೆ ಸರ್ಕಾರದ ಪಾಲಿಗೆ ಕೇಸು ಮುಗಿಯಿತು. ಬುದ್ಧಿ ಸ್ವಾಧೀನ ಇರಲಿಲ್ಲ ಅನ್ನುವ ವಾದ ಇಲ್ಲಿ ಜ್ಯೂರಿಯನ್ನು ನಂಬಿಸಲು ಹೂಡಿದ್ದಲ್ಲ. ಬಿಡಬೇಕು ಅಂತ ಜ್ಯೂರಿ ನಿರ್ಧರಿಸಿದರೆ ದಾಟಿ ಹೋಗಲು ಒಂದು ಬಾಗಿಲು ಬೇಕಲ್ಲ, ಅದಕ್ಕೆ. ಜೇಕ್‌ಗೂ ಇದು ಗೊತ್ತು, ಅವನ ಗುರು ಲೂಸಿಯನ್‌ಗೂ ಗೊತ್ತು.

ಭಾರತಕ್ಕೂ ಇದರ ನೆನಪಿದೆ. 1959ರಲ್ಲಿ ನೌಕಾಪಡೆಯ ಅಧಿಕಾರಿ ಕೆ.ಎಂ. ನಾನಾವತಿ ಹೆಂಡತಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದಾಗ ಬೊಂಬಾಯಿಯ ಜ್ಯೂರಿ 8-1ರ ಬಹುಮತದಲ್ಲಿ ನಿರ್ದೋಷಿ ಅಂದಿತು. ಜಡ್ಜ್ ಒಪ್ಪದೆ ಹೈಕೋರ್ಟಿಗೆ ಕಳಿಸಿದರು. ಹೈಕೋರ್ಟ್ ಶಿಕ್ಷೆ ಕೊಟ್ಟಿತು, 1961ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮುಂದೆ ರಾಜ್ಯಪಾಲರ ಕ್ಷಮಾದಾನ ಬಂತು, ಅದು ಬೇರೆ ಮಾತು. 1973ರ ದಂಡ ಪ್ರಕ್ರಿಯಾ ಸಂಹಿತೆ ಬರುವ ಹೊತ್ತಿಗೆ ಜ್ಯೂರಿ ಪದ್ಧತಿಯೇ ಹೋಯಿತು. ನಾನಾವತಿ ಕೇಸಿನಲ್ಲೂ ಜನ ಕೊಲೆಯಾಯಿತಾ ಅಂತ ಕೇಳಲಿಲ್ಲ, ಅವನ ಜಾಗದಲ್ಲಿ ನಾನಿದ್ದರೆ ಅಂತ ಕೇಳಿಕೊಂಡರು. ಇದನ್ನು ನೆನಪಿಸಿದಾಗ ಹಿರಿಯರು ಸ್ವಲ್ಪ ತಣ್ಣಗಾದರು. ಪೂರ್ತಿ ಅಲ್ಲ.

ಬಣ್ಣದ ಪ್ರಶ್ನೆ

ಇಲ್ಲಿಂದ ಮುಂದಿನ ಟೀಕೆಗಳಿಗೆ ತೂಕ ಜಾಸ್ತಿ.

ಕಾದಂಬರಿಯ ಜ್ಯೂರಿಯ ಹನ್ನೆರಡೂ ಜನ ಬಿಳಿಯರು. ಕಪ್ಪು ಜನ ಹೆಚ್ಚಿರುವ ಬೇರೆ ಕೌಂಟಿಗೆ ವಿಚಾರಣೆ ವರ್ಗಾಯಿಸಿ ಅಂತ ಜೇಕ್ ಕೇಳಿದರೆ ಜಡ್ಜ್ ನೂಸ್ ಒಪ್ಪುವುದಿಲ್ಲ. ಸರ್ಕಾರಿ ವಕೀಲ ಬಕ್ಲಿ ಕಪ್ಪು ಜ್ಯೂರರ್‌ಗಳನ್ನು ಕಾರಣ ಹೇಳದೆ ತೆಗೆಸುತ್ತಾನೆ. “ಇಷ್ಟು ಸಲೀಸಾಗಿ ಆಗುತ್ತಾ?” ಅನ್ನುವ ಓದುಗರಿದ್ದಾರೆ. ಆಗುತ್ತಿತ್ತು. ಬರೀ ಬಣ್ಣ ನೋಡಿ ಜ್ಯೂರರ್‌ಗಳನ್ನು ತೆಗೆಯಬಾರದು ಅಂತ ಅಮೆರಿಕದ ಸುಪ್ರೀಂ ಕೋರ್ಟ್ ಬ್ಯಾಟ್ಸನ್ ಪ್ರಕರಣದಲ್ಲಿ ಹೇಳಿದ್ದು 1986ರಲ್ಲಿ. ಕತೆಯ ವಿಚಾರಣೆ ಅದಕ್ಕೆ ಒಂದು ವರ್ಷ ಮುಂಚಿನದು. ಆ ತೀರ್ಪು ಬಂದ ಮೇಲಾದರೂ ನಿಂತಿತಾ? ಮಿಸಿಸಿಪ್ಪಿಯ ವಿನೋನಾ ಅನ್ನುವ ಸಣ್ಣ ಊರಿನ ಕರ್ಟಿಸ್ ಫ್ಲವರ್ಸ್ ಮೊಕದ್ದಮೆ ನೋಡಿ. 1996ರ ನಾಲ್ಕು ಕೊಲೆಗಳಿಗೆ ಅವರನ್ನು ಆರು ಬಾರಿ ವಿಚಾರಣೆಗೆ ಒಳಪಡಿಸಿದರು. ಆರೂ ವಿಚಾರಣೆ ಸೇರಿಸಿದರೆ, ತೆಗೆಯಬಹುದಾಗಿದ್ದ 42 ಕಪ್ಪು ಜ್ಯೂರರ್‌ಗಳಲ್ಲಿ 41 ಜನರನ್ನು ಸರ್ಕಾರಿ ವಕೀಲರು ತೆಗೆಸಿದ್ದರು. 2019ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆ ರದ್ದು ಮಾಡಿತು. ಮುಂದಿನ ವರ್ಷ ಆರೋಪಗಳನ್ನೇ ಕೈಬಿಟ್ಟರು. ಕಾದಂಬರಿ ಉತ್ಪ್ರೇಕ್ಷೆ ಅನ್ನುವವರಿಗೆ ನಾನು ಕೊಡುವ ಉತ್ತರ ಇದು.

ಕಪ್ಪು ಜನರ ಮೇಲೆ ಹಿಂಸೆ ಮಾಡುತ್ತಿದ್ದ ಬಿಳಿಯರ ಗುಂಪು ಕು ಕ್ಲಕ್ಸ್ ಕ್ಲಾನ್ ವಿಷಯದಲ್ಲಿ ನನ್ನ ಉತ್ತರ ಇಷ್ಟು ಗಟ್ಟಿಯಿಲ್ಲ. ಕತೆಯಲ್ಲಿ ಅಂಗಳಗಳಲ್ಲಿ ಶಿಲುಬೆ ಉರಿಯುತ್ತದೆ, ಜೇಕ್‌ನ ಮನೆ ಸುಡುತ್ತದೆ, ಅವನ ಗುಮಾಸ್ತೆಯ ಗಂಡ ಹೊಡೆತ ತಿಂದು ಸಾಯುತ್ತಾನೆ, ಊರಿಗೆ ಸೈನ್ಯವೇ ಬರುತ್ತದೆ. 1980ರ ದಶಕದಲ್ಲೂ ಕ್ಲಾನ್ ಕೊಲೆ ಮಾಡುತ್ತಿತ್ತು ಅನ್ನುವುದು ನಿಜ. 1981ರಲ್ಲಿ ಪಕ್ಕದ ಅಲಬಾಮಾದ ಮೊಬೀಲ್‌ನಲ್ಲಿ ಮೈಕಲ್ ಡೊನಾಲ್ಡ್ ಎಂಬ ಕಪ್ಪು ಯುವಕನನ್ನು ಕ್ಲಾನ್‌ನವರು ಕೊಂದು ಮರಕ್ಕೆ ನೇತುಹಾಕಿದ್ದರು. ಆದರೂ ಕಾದಂಬರಿಯ ಕ್ಲಾನ್‌ನವರು ಬಿಳಿ ನಿಲುವಂಗಿ ಹಾಕಿಕೊಂಡು ಬಂದು ಊರಿನ ಪಾಪವನ್ನೆಲ್ಲ ತಮ್ಮ ತಲೆಗೆ ಹಾಕಿಕೊಂಡು ಹೋಗಿಬಿಡುತ್ತಾರೆ. ಜ್ಯೂರಿ ಕೋಣೆಯಲ್ಲಿ ಕೂತ ಸಭ್ಯ ಬಿಳಿಯರ ಮೇಲೆ ಕಣ್ಣು ನಿಲ್ಲುವುದು ಕಡಿಮೆಯಾಗುತ್ತದೆ. 1955ರಲ್ಲಿ ಎಮೆಟ್ ಟಿಲ್ ಎಂಬ ಹದಿನಾಲ್ಕು ವರ್ಷದ ಕಪ್ಪು ಹುಡುಗನನ್ನು ಕೊಂದವರನ್ನು ಮಿಸಿಸಿಪ್ಪಿಯ ಸಮ್ನರ್ ಊರಿನ ಕೋರ್ಟಿನಲ್ಲಿ ಸುಮಾರು ಒಂದು ಗಂಟೆಯಲ್ಲಿ ಬಿಟ್ಟು ಕಳಿಸಿದವರು ನಿಲುವಂಗಿಯವರಲ್ಲ. ಮಾಮೂಲಿ ಅಂಗಿ ತೊಟ್ಟ ಊರಿನ ಗಂಡಸರು.

ಇನ್ನೊಂದು ಟೀಕೆ ಜೇಕ್‌ನದೇ ಮೇಲೆ. ಕಪ್ಪು ಕುಟುಂಬದ ದುರಂತ, ಅದರಲ್ಲಿ ಗೆಲ್ಲುವವನು ಬಿಳಿಯ ವಕೀಲ. ಟೋನ್ಯಾಗೆ ಮೊದಲ ಕೆಲವು ಪುಟ ಬಿಟ್ಟರೆ ಮಾತೇ ಇಲ್ಲ. ತಾಯಿ ಗ್ವೆನ್ ಹಿಂದಿನ ಸಾಲಿನಲ್ಲಿ ಕೂತಿರುತ್ತಾಳೆ. ಕಪ್ಪು ಜನರ ಹಕ್ಕುಗಳ ಸಂಘಟನೆಯವರು ಬಂದರೆ ಅವರು ಚಂದಾ ಹಣದ ಮೇಲೆ ಕಣ್ಣಿಟ್ಟವರಂತೆ ಕಾಣುತ್ತಾರೆ. ಜೇಕ್‌ಗೆ ಸಹಾಯಕ್ಕೆ ಬರುವ ಕಾನೂನು ವಿದ್ಯಾರ್ಥಿನಿ ಎಲೆನ್ ರೋರ್ಕ್ ಎಲ್ಲರಿಗಿಂತ ಬುದ್ಧಿವಂತೆ, ಆದರೆ ಲೇಖಕರ ಕಣ್ಣು ಅವಳ ಬಟ್ಟೆಯ ಮೇಲೇ ಸುಳಿಯುತ್ತಿರುತ್ತದೆ. ಕೊನೆಗೆ ಕ್ಲಾನ್‌ನವರ ಕೈಗೆ ಅವಳನ್ನು ಸಿಕ್ಕಿಸಿ ಕತೆಯಿಂದ ಆಚೆ ಕಳಿಸಿದ್ದಾರೆ. ಕಪ್ಪು ಜನರನ್ನು ಹೀಯಾಳಿಸುವ ಪದ ಪುಟಪುಟದಲ್ಲೂ ಬರುತ್ತದೆ, ನಾಯಕನ ಬಾಯಲ್ಲೂ ಬರುತ್ತದೆ. ಆ ಕಾಲದಲ್ಲಿ ಹಾಗೇ ಮಾತಾಡುತ್ತಿದ್ದರು ಅನ್ನುವ ಸಮರ್ಥನೆ ಇದೆ. ಒಪ್ಪಬಹುದು. ಹೆಂಗಸರ ವಿಷಯಕ್ಕೆ ಆ ಸಮರ್ಥನೆ ನನಗೆ ಸಾಲದು.

ಕೌಂಟಿಯ ಪೊಲೀಸ್ ಮುಖ್ಯಸ್ಥ, ಅಂದರೆ ಶೆರಿಫ್, ಓಜಿ ವಾಲ್ಸ್ ಇದಕ್ಕೆ ಹೊರತು. ಬಿಳಿಯರೇ ಹೆಚ್ಚಿರುವ ಕೌಂಟಿಯಲ್ಲಿ ವೋಟು ಪಡೆದು ಗೆದ್ದ ಕಪ್ಪು ಶೆರಿಫ್. ತನ್ನ ಪರಿಚಯದ ಮನುಷ್ಯನನ್ನೇ ಜೈಲಿಗೆ ಹಾಕಬೇಕು, ಅವನನ್ನೇ ಕಾಯಬೇಕು, ಮುಂದಿನ ಚುನಾವಣೆಯಲ್ಲಿ ಅದೇ ಬಿಳಿಯರ ಮನೆಬಾಗಿಲಿಗೆ ಹೋಗಬೇಕು. ಅಂದ ಹಾಗೆ ಅಲ್ಲಿ ಶೆರಿಫ್ ಒಬ್ಬನೇ ಅಲ್ಲ, ಜಿಲ್ಲೆಯ ಸರ್ಕಾರಿ ವಕೀಲನೂ ಸರ್ಕಿಟ್ ಕೋರ್ಟಿನ ಜಡ್ಜೂ ಚುನಾವಣೆಯಲ್ಲಿ ಗೆದ್ದು ಬರಬೇಕು. ಬಕ್ಲಿ ಕ್ಯಾಮೆರಾ ಕಂಡಲ್ಲೆಲ್ಲ ನಿಂತು ಭಾಷಣ ಮಾಡುವುದು ಅದಕ್ಕೇ. ಇದು ಗೊತ್ತಿಲ್ಲದೆ ಓದಿದರೆ ಅವನು ಬರೀ ಹಾಸ್ಯಪಾತ್ರ ಅನ್ನಿಸುತ್ತಾನೆ.

ಆ ಮಾತು ಯಾರ ಬಾಯಲ್ಲಿ ಬರಬೇಕು?

ಸಿನಿಮಾ ನೋಡಿದವರಿಗೆ ಕೊನೆಯ ವಾದ ಬಾಯಿಪಾಠ. ಜೇಕ್ ಪಾತ್ರದ ಮ್ಯಾಥ್ಯೂ ಮೆಕಾನಹೇ ಜ್ಯೂರಿಯ ಮುಂದೆ ನಿಂತು, ಕಣ್ಣು ಮುಚ್ಚಿಕೊಳ್ಳಿ ಅನ್ನುತ್ತಾರೆ. ಹುಡುಗಿಗೆ ಆದದ್ದನ್ನು ಒಂದೊಂದಾಗಿ ಹೇಳುತ್ತಾರೆ. ಆಮೇಲೆ, ಈಗ ಅವಳು ಬಿಳಿಯ ಹುಡುಗಿ ಅಂದುಕೊಳ್ಳಿ ಅನ್ನುತ್ತಾರೆ. ಅಲ್ಲಿಗೆ ವಾದ ಮುಗಿಯಿತು.

ಪುಸ್ತಕದಲ್ಲಿ ಜೇಕ್ ಈ ಮಾತು ಆಡುವುದೇ ಇಲ್ಲ. ಬಾಗಿಲು ಹಾಕಿದ ಜ್ಯೂರಿ ಕೋಣೆಯೊಳಗೆ, ವಾಂಡಾ ಅನ್ನುವ ಒಬ್ಬ ಸಾಮಾನ್ಯ ಬಿಳಿಯ ಹೆಂಗಸು ಉಳಿದವರಿಗೆ ಕಣ್ಣು ಮುಚ್ಚಲು ಹೇಳುತ್ತಾಳೆ. ಹುಡುಗಿಗೆ ಹೊಂಬಣ್ಣದ ಕೂದಲು, ನೀಲಿ ಕಣ್ಣು ಇದ್ದವು ಅಂದುಕೊಳ್ಳಿ, ಮಾಡಿದವರು ಕಪ್ಪು ಜನ ಅಂದುಕೊಳ್ಳಿ, ಅವಳ ಅಪ್ಪನ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ ಅಂತ ಪ್ರಾಮಾಣಿಕವಾಗಿ ಚೀಟಿಯಲ್ಲಿ ಬರೆಯಿರಿ ಅನ್ನುತ್ತಾಳೆ.

ಮೊದಲು ಸಿನಿಮಾ ನೋಡಿ ಆಮೇಲೆ ಪುಸ್ತಕ ಓದಿದವರಿಗೆ ಇಲ್ಲಿ ನಿರಾಸೆಯಾಗುತ್ತದೆ. ನಾಯಕನ ದೊಡ್ಡ ಭಾಷಣ ಎಲ್ಲಿ? ಅವನ ವಾದದಿಂದ ಕೇಸು ಗೆಲ್ಲಲಿಲ್ಲ ಅಂದಮೇಲೆ ಇಷ್ಟೊಂದು ಪುಟ ಅವನ ಹಿಂದೆ ಸುತ್ತಿದ್ದೇಕೆ? ನನಗೆ ಪುಸ್ತಕದ ದಾರಿಯೇ ಸರಿ. ಹೊರಗಿನಿಂದ ವಕೀಲ ಹೇಳಿದರೆ ಅದು ಜಾಣತನ, ಪೂರ್ವಗ್ರಹವನ್ನು ಕೇಸಿಗೆ ಬಳಸಿಕೊಳ್ಳುವ ಜಾಣತನ. ಊರಿನವಳೇ ಊರಿನವರಿಗೆ ಹೇಳಿದರೆ ಅದು ತಪ್ಪೊಪ್ಪಿಗೆ. ಈ ಹುಡುಗಿ ಕಪ್ಪಗಿರುವುದರಿಂದ ನಮ್ಮ ಹೊಟ್ಟೆ ಉರಿಯುತ್ತಿಲ್ಲ ಅಂತ ಹನ್ನೆರಡು ಬಿಳಿಯರು ತಮ್ಮೊಳಗೇ ಒಪ್ಪಿಕೊಳ್ಳುವುದು. ಬಿಳಿಯ ವಕೀಲನೇ ಎಲ್ಲರನ್ನೂ ಉದ್ಧಾರ ಮಾಡಿದ ಅನ್ನುವ ಟೀಕೆ ಸಿನಿಮಾಕ್ಕೆ ತಗಲುವಷ್ಟು ಪುಸ್ತಕಕ್ಕೆ ತಗಲುವುದಿಲ್ಲ. ಆದರೆ ಕಪ್ಪು ಮಗುವನ್ನು ಬಿಳಿ ಮಾಡಿಕೊಳ್ಳದೆ ಅವಳ ನೋವು ಇವರಿಗೆ ತಟ್ಟಲಿಲ್ಲ ಅನ್ನುವ ದೂರು ಎರಡಕ್ಕೂ ಉಳಿಯುತ್ತದೆ. ನಮ್ಮ ಬಳಗದ ಕಿರಿಯ ಓದುಗನೊಬ್ಬ ಎತ್ತಿದ್ದು ಇದನ್ನೇ. ಅವನ ಲೆಕ್ಕದಲ್ಲಿ ಕಾರ್ಲ್ ಲೀ ಬಿಡುಗಡೆಯಾದ, ಟೋನ್ಯಾಗೆ ಮಾತ್ರ ಏನೂ ಸಿಗಲಿಲ್ಲ. ಮೇಡಂ ಹತ್ತಿರವೂ ಅದಕ್ಕೆ ಉತ್ತರವಿರಲಿಲ್ಲ.

2013ರಲ್ಲಿ ಈ ಕತೆ ನಾಟಕವಾಗಿ ನ್ಯೂಯಾರ್ಕಿನ ಬ್ರಾಡ್‌ವೇಗೆ ಬಂದು ಸುಮಾರು ಒಂದು ತಿಂಗಳಲ್ಲೇ ನಿಂತುಹೋಯಿತು. ಅಲ್ಲಿ ಪ್ರೇಕ್ಷಕರೇ ಜ್ಯೂರಿ, ವಕೀಲರು ಅವರ ಕಡೆ ತಿರುಗಿಯೇ ವಾದ ಮಾಡುತ್ತಿದ್ದರು. ಯೋಚನೆ ಚೆನ್ನಾಗಿದೆ. ಆದರೆ ಜ್ಯೂರಿ ಕೋಣೆಗೆ ಹೋಗುವ ಮುನ್ನ ಓದುಗ ನಡೆಯುವ ಆ ನೂರಾರು ಪುಟದ ಊರನ್ನು ರಂಗದ ಮೇಲೆ ತರುವುದು ಹೇಗೆ?

ಅದೇ ಊರು, ಮತ್ತೆ ಎರಡು ಕೇಸು

ಗ್ರಿಶಮ್ ಜೇಕ್‌ನನ್ನು ಬಿಟ್ಟು ಬಹಳ ವರ್ಷ ಬೇರೆ ಕತೆ ಬರೆದರು. 2013ರಲ್ಲಿ ‘ಸೈಕಮೋರ್ ರೋ’ದಲ್ಲಿ ಕ್ಲಾಂಟನ್‌ಗೆ ವಾಪಸ್ ಬಂದರು. ಕತೆಯಲ್ಲಿ ಕಳೆದದ್ದು ಮೂರೇ ವರ್ಷ. ಒಬ್ಬ ಬಿಳಿಯ ಶ್ರೀಮಂತ ಸಾಯುವ ಮುನ್ನ ಕೈಬರಹದ ಉಯಿಲಿನಲ್ಲಿ ಆಸ್ತಿಯ ಬಹುಪಾಲನ್ನು ಮನೆಗೆಲಸದ ಕಪ್ಪು ಹೆಂಗಸಿಗೆ ಬರೆದಿಟ್ಟು ಹೋಗುತ್ತಾನೆ. ಇದರಲ್ಲಿ ಬಂದೂಕಿನ ಸದ್ದು ಕಡಿಮೆ, ಭೂಮಿಯ ಹಳೆಯ ಲೆಕ್ಕ ಜಾಸ್ತಿ. ಮೊದಲ ಪುಸ್ತಕ ಮೆಚ್ಚದ ಕೆಲವರು ಇದನ್ನು ಮೆಚ್ಚಿದರು.

2020ರ ‘ಎ ಟೈಮ್ ಫಾರ್ ಮರ್ಸಿ’ ಬೇಕಂತಲೇ ಮೊದಲ ಪುಸ್ತಕದ ಎದುರಿಗೆ ಇಟ್ಟಂತಿದೆ. ಆರೋಪಿ ಹದಿನಾರು ವರ್ಷದ ಬಿಳಿಯ ಹುಡುಗ ಡ್ರೂ. ಕುಡಿದು ಬಂದು ಅಮ್ಮನನ್ನು ಹೊಡೆಯುತ್ತಿದ್ದ ಅವಳ ಸಂಗಾತಿಯನ್ನು, ಅವನು ಮತ್ತಿನಲ್ಲಿ ಬಿದ್ದಿರುವಾಗ ಗುಂಡಿಟ್ಟು ಕೊಂದಿದ್ದಾನೆ. ಸತ್ತವನು ಪೊಲೀಸ್. ಜಡ್ಜ್ ನೂಸ್ ಕೇಸನ್ನು ಜೇಕ್ ತಲೆಗೆ ಕಟ್ಟುತ್ತಾರೆ. ಇಂಥ ಕೇಸಿಗೆ ಸರ್ಕಾರ ಕೊಡುವ ಫೀಸು ಹೆಚ್ಚೆಂದರೆ 1,000 ಡಾಲರ್. ಇಲ್ಲಿ ಬಣ್ಣದ ಪ್ರಶ್ನೆ ತೆಗೆದಿಟ್ಟು ಅದೇ ಹಳೆಯ ಪ್ರಶ್ನೆ ಕೇಳಿದಂತಾಯಿತು: ಕೊಂದದ್ದು ನಿಜ, ಬಿಡಬೇಕಾ? ಈ ಸಲ ಜ್ಯೂರಿ ಒಂದು ಮಾತಿಗೆ ಬರುವುದಿಲ್ಲ. ಅತ್ತ ಶಿಕ್ಷೆಯೂ ಇಲ್ಲ, ಇತ್ತ ಬಿಡುಗಡೆಯ ತೀರ್ಪೂ ಇಲ್ಲ, ವಿಚಾರಣೆಯೇ ರದ್ದು.

ನಿಜವಾದ ಕೋರ್ಟಿಗೆ ಇದು ಎಷ್ಟು ಹತ್ತಿರ ಅಂತ ನಾನು ಖುಷಿಪಟ್ಟೆ. ಮೊದಲ ಪುಸ್ತಕದ ತೀರ್ಪು ಕಾನೂನಿಗೆ ಹೊಂದುವುದಿಲ್ಲ ಅಂತ ವಾರಗಟ್ಟಲೆ ಗೊಣಗಿದ್ದ ನಮ್ಮ ಹಿರಿಯ ವಕೀಲರಿಗೆ ಇದನ್ನೂ ಓದಲು ಕೊಟ್ಟೆ. ಮುಗಿಸಿ ವಾಪಸ್ ತಂದುಕೊಟ್ಟು ಸಿಡುಕಿದರು: “ಇಷ್ಟು ದಪ್ಪ ಪುಸ್ತಕ ಓದಿಸಿ ಕೊನೆಗೆ ತೀರ್ಪೇ ಇಲ್ಲ ಅಂದ್ರೆ ಏನಪ್ಪಾ ಇದು? ಆ ಹುಡುಗನ್ನ ಬಿಡಬೇಕಿತ್ತು!”